ತಟ್ಟೆಯಲ್ಲಿ ಬಿಟ್ಟ ಚಿಲ್ಲರೆ

ಉಪಾಹಾರ ಮುಗಿದಿದೆ. ಹೋಟೆಲಿನ ಮಾಣಿ ಸಣ್ಣ ತಟ್ಟೆಯೊಂದರಲ್ಲಿ ಸೋಂಪು ಹರಡಿ, ಅದರ ಮೇಲೆ ಬಿಲ್ಲಿನ ಚೀಟಿಯನ್ನಿಟ್ಟು ನಿಮ್ಮ ಮುಂದೆ ಸರಿಸುತ್ತಾನೆ. ನೀವು ನೋಟು ಇಡುತ್ತೀರಿ. ಗಲ್ಲಾದಿಂದ ಮರಳುವಾಗ ಅವನು ಐವತ್ತರ ಒಂದು ನೋಟಿಗೆ ಬದಲು ಹತ್ತರ ಐದು ನೋಟುಗಳನ್ನು ತಂದಿರುತ್ತಾನೆ. ಅದು ಅಕಸ್ಮಾತ್ತಲ್ಲವೆಂಬುದನ್ನು ನೀವೂ ಬಲ್ಲಿರಿ, ಅವನೂ ಬಲ್ಲ. ಆಗ ಸಂಸಾರವಂದಿಗನ ಮನಸ್ಸಿನಲ್ಲೇಳುವ ತುಮುಲ ಅಷ್ಟಿಷ್ಟಲ್ಲ. ಹತ್ತು ಬಿಟ್ಟರೆ ಕಡಿಮೆಯಾಯಿತೇನೋ? ಇಪ್ಪತ್ತು ಬಿಟ್ಟರೆ ಎದುರಿಗೆ ಕುಳಿತ ಮಡದಿ ಏನೆಂದಾಳು? ಏನನ್ನೂ ಬಿಡದೆ ಎದ್ದರೆ, ಬಾಗಿಲು ದಾಟುವವರೆಗೂ ಬೆನ್ನಿನ ಮೇಲೆ ಎರಡು ಕಣ್ಣುಗಳು ನೆಟ್ಟಂತೆ ಭಾಸವಾಗದಿರದು.

ಭಕ್ಷೀಸು ಎಂಬ ಮಾತು ನಮಗೆ ಪಾರಸಿಯಿಂದ ಬಂದುದು; ಅಲ್ಲಿ ಅದರ ಮೂಲಾರ್ಥ ಕೊಡುಗೆ. ಫ್ರೆಂಚರ ‘ಪೂರ್‌ಬ್ವಾರ್’, ಜರ್ಮನರ ‘ಟ್ರಿಂಕ್‌ಗೆಲ್ಡ್’ ಎರಡಕ್ಕೂ ಕುಡಿಯಲೆಂದು ಕೊಡುವ ಕಾಸು ಎಂದೇ ಅರ್ಥ. ‘ಕಾಫಿಗೆ ಏನಾದರೂ ಕೊಡಿ ಸ್ವಾಮಿ’ ಎಂದು ನಮ್ಮವರು ತಲೆ ಕೆರೆದುಕೊಳ್ಳುವಾಗ ಯೂರೋಪಿನ ಭಾಷೆಯನ್ನೇ ಆಡುತ್ತಿರುತ್ತಾರೆಂದಾಯಿತು! ಹೆಸರೇನೇ ಇರಲಿ, ಕೊಡುಗೆಯೆಂದ ಮೇಲೆ ಅದು ಕೊಡುವವನ ಇಷ್ಟಕ್ಕೆ ಬಿಟ್ಟದ್ದು. ಹೀಗಿರುವಲ್ಲಿ ಅದು ಋಣವಾಗಿ, ತೆರಿಗೆಯಾಗಿ, ಕಡೆಗೆ ಪೀಡನೆಯಾಗಿ ಮಾರ್ಪಡುವುದು ಹೇಗೆ?

ಇದಕ್ಕೆ ಉತ್ತರ ಹುಡುಕುವವರು ಅಮೆರಿಕದ ಕಡೆಗೆ ನೋಡಬೇಕು. 1865ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಯಿತಷ್ಟೆ. ಬಳಿಕ ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿ ತನ್ನ ಶಯನ ರೈಲುಗಾಡಿಗಳ ಪರಿಚಾರಕರಾಗಿ ಬಿಡುಗಡೆಗೊಂಡ ಗುಲಾಮರನ್ನು ನೇಮಿಸಿಕೊಂಡನು. ಸಂಬಳ ಅತ್ಯಲ್ಪ, ಮಿಕ್ಕುದನ್ನು ಪ್ರಯಾಣಿಕರ ಔದಾರ್ಯವೇ ತುಂಬಬೇಕು. ಹಾಸಿಗೆ ಹಾಸಿ, ಬೂಟಿಗೆ ಪಾಲಿಶು ಬಳಿದು, ರಾತ್ರಿಯಿಡೀ ಎಚ್ಚರವಿದ್ದು, ಬೆಳಗ್ಗೆ ನಗುಮುಖದಿಂದಿರಬೇಕಾಗಿದ್ದ ಆ ಜನರನ್ನು ಪ್ರಯಾಣಿಕರು ಒಂದೇ ಹೆಸರಿನಿಂದ ಕರೆಯುತ್ತಿದ್ದರು: ಜಾರ್ಜ್. ಅದು ಯಜಮಾನನ ಹೆಸರು. ಆಳಿಗೆ ಸ್ವಂತ ಹೆಸರೇತಕ್ಕೆ? 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಅವರ ನೇತೃತ್ವದಲ್ಲಿ ಪರಿಚಾರಕರು ಸಂಘ ಕಟ್ಟಿದರು. ಕಂಪೆನಿ ಅವರೊಡನೆ ಒಪ್ಪಂದಕ್ಕೆ ಸಹಿ ಹಾಕಲು 1937 ಬರಬೇಕಾಯಿತು. ಆದರೂ ಆ ಲೆಕ್ಕಾಚಾರ ಅಳಿಯಲಿಲ್ಲ. ಗಿರಾಕಿ ಕೊಡುವ ಭಕ್ಷೀಸನ್ನು ಸಂಬಳದ ಲೆಕ್ಕಕ್ಕೆ ಹಿಡಿಯಲು 1966ರ ಕಾನೂನು ತಿದ್ದುಪಡಿ ಮಾಲೀಕರಿಗೆ ಅವಕಾಶವಿತ್ತಿತು. ಒಕ್ಕೂಟದ ಕಾನೂನಿನಂತೆ ಅಂಥ ನೌಕರನಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರು ಎಂದು 1991ರಲ್ಲಿ ಗೊತ್ತಾದದ್ದು ಇಂದಿಗೂ ಅಷ್ಟೇ ಇದೆ. ಉಳಿದವರ ಕನಿಷ್ಠ ಕೂಲಿ 2009ರಿಂದ 7.25 ಡಾಲರು. ಕೆಲವು ರಾಜ್ಯಗಳು ಹೆಚ್ಚು ಕೊಡಿಸುತ್ತವೆನ್ನಿ. ಮಾಲೀಕನ ಜೇಬಿನಿಂದ ಬರಬೇಕಾದುದನ್ನು ಊಟಕ್ಕೆ ಬಂದವನ ಜೇಬಿನಿಂದ ತೆಗೆಸುವುದೇ ಅಲ್ಲಿಯ ಮರ್ಯಾದೆಯಾಗಿ ನಿಂತಿತು.

ನಮ್ಮಲ್ಲಿ ಆ ಕಾನೂನಿಲ್ಲ. ಆದರೆ ದೊಡ್ಡ ಹೋಟೆಲುಗಳ ಬಿಲ್ಲುಗಳಲ್ಲಿ ‘ಸೇವಾ ಶುಲ್ಕ’ವೆಂಬ ಸಾಲೊಂದು ಮೆಲ್ಲನೆ ನುಸುಳಿತು, ಸಾಮಾನ್ಯವಾಗಿ ಶೇಕಡಾ ಹತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ ತಿಂಗಳಿನಲ್ಲಿ, ಗಿರಾಕಿ ಒಪ್ಪದೆ ಅದನ್ನು ಬಿಲ್ಲಿಗೆ ಸೇರಿಸಕೂಡದೆಂದು ವಿಧಿಸಿತು. ಹೋಟೆಲುಗಾರರ ಸಂಘಗಳು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದವು. 2025ರ ಮಾರ್ಚ್ 28ರಂದು ನ್ಯಾಯಾಲಯವು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಗಿರಾಕಿಗೆ ನ್ಯಾಯ ದೊರೆಯಿತು, ಸಂತೋಷ. ಮಾಣಿಯ ಗತಿ? ಬಿಲ್ಲಿನ ಮೂಲಕ ಬಂದು ನೌಕರರಿಗೆ ಹಂಚಿಕೆಯಾದ ಭಕ್ಷೀಸು ಗಿರಾಕಿಯ ಸ್ವಇಚ್ಛೆಯದು, ಮಾಲೀಕ ಕೊಟ್ಟ ಸಂಬಳವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಆದಾಯ ತೆರಿಗೆಯ ಮೊಕದ್ದಮೆಯೊಂದರಲ್ಲಿ ಹೇಳಿತ್ತು. ತೀರ್ಪು ಸರಿಯೇ. ಆದರೆ ಸಂಬಳವಲ್ಲದ ಮೇಲೆ ಆ ಹಣದಿಂದ ಅವನ ಭವಿಷ್ಯನಿಧಿ ಬೆಳೆಯದು. ಅವನು ಕಾಯಿಲೆ ಬಿದ್ದ ತಿಂಗಳು ಅದು ಬರಲಾರದು. ತಟ್ಟೆಯ ಚಿಲ್ಲರೆಯನ್ನು ನೆಚ್ಚಿ ಮಕ್ಕಳ ಶಾಲೆಯ ಶುಲ್ಕ ಕಟ್ಟಲಾದೀತೇ?

ಇದೆಲ್ಲ ಹೋಟೆಲಿನ ಮಾತಾಯಿತು. ಭಕ್ಷೀಸಿನ ಇನ್ನೊಂದು ಮುಖವನ್ನು ನಾನು ಕಂಡದ್ದು ಆಸ್ಪತ್ರೆಯಲ್ಲಿ. ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಹೆರಿಗೆಯಾದಾಗ, ಬಟ್ಟೆಯಲ್ಲಿ ಸುತ್ತಿದ ಕೂಸನ್ನೆತ್ತಿಕೊಂಡು ಬಂದ ಆಯಾ ನಮ್ಮ ತಾಯಿಯ ಕೈಗೆ ಅದನ್ನು ಕೊಡದೆ ಬಾಗಿಲಲ್ಲೇ ನಿಂತಳು. ‘ಅಜ್ಜಿಯಾದಿರಲ್ಲಮ್ಮ, ಗಂಡಾಗಿದ್ದರೆ ಐನೂರು, ಹೆಣ್ಣಲ್ಲವೆ, ಮುನ್ನೂರು ಕೊಡಿ’ ಎಂದಳು. ಹುಟ್ಟಿ ಅರ್ಧ ಗಂಟೆಯಾಗಿರಲಿಲ್ಲ. ಆ ಹಸುಳೆಯ ಬೆಲೆಯಲ್ಲಿ ಆಗಲೇ ಇನ್ನೂರು ರೂಪಾಯಿ ಕಡಿತ! ನಾನು ಸಿಟ್ಟಿನಿಂದ ಮಾತು ಬೆಳೆಸಿದೆ. ಆಕೆ ತಲೆ ತಗ್ಗಿಸಿ, ‘ನಮ್ಮ ಸಂಬಳ ಗುತ್ತಿಗೆದಾರನ ಕೈಲಿದೆ ಸಾರ್, ಎರಡು ತಿಂಗಳಾಯಿತು’ ಎಂದಳು. ಅಮ್ಮ ನನ್ನನ್ನು ಸುಮ್ಮನಿರಿಸಿ, ಸೆರಗಿನ ಗಂಟು ಬಿಚ್ಚಿ, ಐನೂರರ ನೋಟನ್ನೇ ತೆಗೆದು ಕೊಟ್ಟರು. ‘ನನ್ನ ಮೊಮ್ಮಗಳಿಗೆ ಕಡಿಮೆಯೇಕೆ?’ ಎಂದರು.

ಅಂದಿನಿಂದ ನನಗೆ ಎರಡು ಮಾತು ಸ್ಪಷ್ಟವಾಗಿವೆ. ಆ ಆಯಾ ಮಾಡಿದ್ದು ತಪ್ಪು; ಕೈಯಿಂದ ಎಳೆದದ್ದು ಕೊಡುಗೆಯಲ್ಲ. ಅವಳನ್ನು ಆ ಬಾಗಿಲಲ್ಲಿ ಹಾಗೆ ನಿಲ್ಲಿಸಿದವನ ತಪ್ಪು ಅದಕ್ಕಿಂತ ಹಿರಿದು. ಭಕ್ಷೀಸು ಕೊಡಲೇಬೇಕೆಂಬ ಬಾಧ್ಯತೆ ಗಿರಾಕಿಗಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಇದನ್ನೇ ತತ್ತ್ವವೆಂದು ಸಾರಿ ಹತ್ತು ರೂಪಾಯಿಯನ್ನು ಜೇಬಿಗಿಳಿಸಿಕೊಂಡರೆ ಮಾಲೀಕನೇನೂ ಸಂಬಳ ಏರಿಸುವುದಿಲ್ಲ, ನಷ್ಟ ಮಾಣಿಗೊಬ್ಬನಿಗೇ.

ಬೇರೆ ದಾರಿಯೇ ಇಲ್ಲವೆಂದಲ್ಲ. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ, ಕೆಲಸ ಕಳೆದುಕೊಂಡ ನೌಕರರು 1957ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಮೊದಲ ಸಹಕಾರ ಸಂಘವನ್ನು ಕಟ್ಟಿಕೊಂಡರು. ಪೇಟ ತೊಟ್ಟು ಕಾಫಿ ತಂದಿಟ್ಟ ನೌಕರರೇ ಒಡೆಯರಾದ ಆ ಮೇಜಿನ ಮೇಲೆ ಬಿಟ್ಟ ಕಾಸಿನ ಬಣ್ಣವೇ ಬೇರೆ.

ಈಗ ಇನ್ನೊಂದು ವಿಚಿತ್ರ ಬಂದಿದೆ. ಮೊಬೈಲಿನಲ್ಲಿ ಹಣ ತೆರುವ ಕಾಲ. ಬಿಲ್ಲು ನೇರವಾಗಿ ಮಾಲೀಕನ ಖಾತೆಗೆ. ಚಿಲ್ಲರೆಯೇ ಇಲ್ಲದ ಮೇಲೆ ತಟ್ಟೆಯಲ್ಲಿ ಉಳಿಯುವುದೇನು? ಬರೀ ಸೋಂಪು. ಯಾರ ಜಿಪುಣತನವೂ ಇಲ್ಲದೆ, ಯಾರೂ ತೀರ್ಮಾನಿಸದೆ, ಮಾಣಿಯ ಒಂದು ಆದಾಯ ಇಂಗಿಹೋಗುತ್ತಿದೆ. ಅದಕ್ಕೆಂದೇ ನಾನು ಜೇಬಿನಲ್ಲಿ ಹತ್ತರ ನಾಲ್ಕಾರು ನೋಟುಗಳನ್ನು ಇಟ್ಟುಕೊಳ್ಳತೊಡಗಿದ್ದೇನೆ. ಮೊನ್ನೆ ಒಂದು ಸಣ್ಣ ಹೋಟೆಲಿನಲ್ಲಿ ಎರಡು ನೋಟು ಕೊಡಹೋದಾಗ ಆ ಹುಡುಗ ಕೈಯೊಡ್ಡಲಿಲ್ಲ. ಗಲ್ಲಾದ ಪಕ್ಕದಲ್ಲಿದ್ದ ತಗಡಿನ ಡಬ್ಬಿಯನ್ನು ತೋರಿಸಿದ.

‘ಅದಕ್ಕೆ ಹಾಕಿ ಸಾರ್. ಭಾನುವಾರ ಹಂಚಿಕೊಳ್ಳುತ್ತೇವೆ. ಒಳಗೆ ಪಾತ್ರೆ ತೊಳೆಯುವ ಅಜ್ಜಿಗೂ ಪಾಲಿದೆ.’