ಹಸು ಇಲ್ಲದ ಮನೆಗೂ ಗೊಬ್ಬರ

ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ ನಮ್ಮ ಊರು. ಒಂದು ಸಂಜೆ ಕಲಿಕಾ ಕೇಂದ್ರದಲ್ಲಿ ‘ಗೊಬ್ಬರ’ ಎಂಬ ಪದ ಓದುತ್ತಾ ಇದ್ದೆವು. ಆಗ ಒಬ್ಬ ಅವ್ವ ಕೇಳಿದರು:

“ಪದ ಓದ್ಬುಟ್ಟೆ ಮೇಷ್ಟ್ರೇ. ಆದ್ರೆ ನಮ್ಮನೇಲಿ ಹಸಾನೂ ಇಲ್ಲ, ತಿಪ್ಪೇನೂ ಇಲ್ಲ. ಹಿತ್ತಲ ಬದನೆ ಗಿಡಕ್ಕೆ ಗೊಬ್ಬರ ಎಲ್ಲಿಂದ ತರಾದು?”

ಪ್ರಶ್ನೆ ಸರಿಯಾಗಿತ್ತು. ಹಿಂದೆ ಮನೆಮನೆಗೂ ತಿಪ್ಪೆ ಇತ್ತು. ಈಗ ಎಷ್ಟೋ ಮನೆಯಲ್ಲಿ ದನಕರು ಇಲ್ಲ. ಗೊಬ್ಬರ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಆದರೆ ಮಕ್ಕಳ ತಟ್ಟೆಗೆ ಸೊಪ್ಪು, ತರಕಾರಿ ಬೇಕೇ ಬೇಕು.

ನಾವು ಹೊರಗೆ ನೋಡಿದೆವು. ಹೊಂಗೆ ಮರದ ಕೆಳಗೆ ಯಾರೋ ತರಗು ಗುಡಿಸಿ ಬೆಂಕಿ ಹಾಕುತ್ತಿದ್ದರು. ನಮ್ಮ ಗೊಬ್ಬರ ಅಲ್ಲಿ ಉರಿಯುತ್ತಾ ಇತ್ತು!

ಎಲೆ ಹೇಗೆ ಗೊಬ್ಬರ ಆಗುತ್ತದೆ?

ಗಿಡ ಮಣ್ಣಿನಿಂದ ಸಾರ ಹೀರಿ ಬೆಳೆಯುತ್ತದೆ. ಆ ಸಾರ ಎಲೆಯಲ್ಲೂ ಇರುತ್ತದೆ. ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಎಲೆಯನ್ನು ತಿಂದು ಕೊಳೆಸುತ್ತವೆ. ಆಗ ಸಾರ ಮತ್ತೆ ಮಣ್ಣಿಗೆ ಸೇರುತ್ತದೆ. ಸುಟ್ಟರೆ ಏನಾಗುತ್ತದೆ? ಬೂದಿಯಲ್ಲಿ ಸ್ವಲ್ಪ ಸಾರ ಉಳಿಯುತ್ತದೆ. ಆದರೆ ಎಲೆಗೆ ಹಸಿರು ಕೊಡುವ ಸಾರಜನಕ ಹೊಗೆಯ ಜೊತೆ ಹೊರಟುಹೋಗುತ್ತದೆ.

ನಾವು ಮಾಡಿದ ತಪ್ಪು

ನಮಗೆ ಆತುರ. ಮಾರನೆಯ ದಿನವೇ ಒಣ ತರಗು, ಭತ್ತದ ಹುಲ್ಲು ತಂದು ಮಣ್ಣಿಗೆ ಬೆರೆಸಿದೆವು. ಅಲ್ಲೇ ಬದನೆ ಸಸಿ ನೆಟ್ಟೆವು. ಎರಡು ವಾರದಲ್ಲಿ ಸಸಿಯ ಎಲೆಗಳು ಹಳದಿ ಆದವು. ಯಾಕೆ? ಒಣ ತರಗಿನಲ್ಲಿ ಸಾರಜನಕ ಕಮ್ಮಿ. ಅದನ್ನು ಕೊಳೆಸುವ ಜೀವಿಗಳಿಗೆ ಸಾರಜನಕ ಬೇಕು. ಅವು ಮಣ್ಣಿನಲ್ಲಿ ಇದ್ದುದನ್ನೇ ತೆಗೆದುಕೊಂಡವು. ಸಸಿ ಉಪವಾಸ ಬಿತ್ತು.

ಆಗ ನಾವು ಕಲಿತ ಪಾಠ ಇಷ್ಟೇ: ಮೊದಲು ಕೊಳೆಸಬೇಕು, ಆಮೇಲೆ ಗಿಡಕ್ಕೆ ಹಾಕಬೇಕು.

ಗುಂಡಿ ತುಂಬುವ ವಿಧಾನ

1. ನೆರಳು ಇರುವ, ನೀರು ನಿಲ್ಲದ ಜಾಗ ನೋಡಿ. 3 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಆಳದ ಗುಂಡಿ ತೆಗೆಯಿರಿ.
2. ತಳಕ್ಕೆ ದಪ್ಪ ಕಡ್ಡಿ ಹಾಕಿ. ಗಾಳಿ ಆಡಲಿ.
3. ಒಂದು ಗೇಣು ಒಣ ತರಗು, ಹುಲ್ಲು ಹರಡಿ. ಅದರ ಮೇಲೆ ಅರ್ಧ ಗೇಣು ಹಸಿ ಸೊಪ್ಪು ಹರಡಿ. ಹೊಂಗೆ, ಎಕ್ಕ, ಗೊಬ್ಬರದ ಗಿಡ ಯಾವುದಾದರೂ ಆದೀತು. ತರಕಾರಿ ಸಿಪ್ಪೆಯೂ ಆದೀತು.
4. ಮೇಲೆ ಒಂದೆರಡು ಬೊಗಸೆ ಹಳೇ ಮಣ್ಣು ಎರಚಿ. ಕೊಳೆಸುವ ಜೀವಿಗಳು ಅದರಲ್ಲೇ ಇರುತ್ತವೆ. ಹೀಗೆಯೇ ಪದರ ಪದರವಾಗಿ ತುಂಬಿ.
5. ನೀರು ಚಿಮುಕಿಸಿ. ಹಿಂಡಿದ ಬಟ್ಟೆಯಷ್ಟು ತೇವ ಇದ್ದರೆ ಸಾಕು. ನೀರು ಹೆಚ್ಚಾದರೆ ನಾರುತ್ತದೆ.
6. 20 ದಿನಕ್ಕೊಮ್ಮೆ ಗುದ್ದಲಿಯಿಂದ ಮೇಲೆ ಕೆಳಗೆ ಮಾಡಿ.

ಸುಮಾರು 3 ತಿಂಗಳಿಗೆ ಗೊಬ್ಬರ ಕಪ್ಪಾಗುತ್ತದೆ, ಪುಡಿಪುಡಿ ಆಗುತ್ತದೆ. ಗಿಡಕ್ಕೆ ಎರಡು ಬೊಗಸೆ ಹಾಕಿ. ಕಾಂಡಕ್ಕೆ ತಾಗಿಸಬೇಡಿ.

ಇವನ್ನು ಗುಂಡಿಗೆ ಹಾಕಬೇಡಿ

ನಂಜನಗೂಡು ರಸಬಾಳೆಯ ಹೆಸರು ಯಾರಿಗೆ ಗೊತ್ತಿಲ್ಲ? ಅದನ್ನು ಕಾಡಿದ್ದು ಪನಾಮಾ ಸೊರಗು ರೋಗ. ಈ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಎಷ್ಟೋ ವರ್ಷ ಬದುಕುತ್ತದೆ. ಆದ್ದರಿಂದ ಸೊರಗಿದ ಬಾಳೆಯ ಎಲೆ, ದಿಂಡು, ಗಡ್ಡೆ ಗುಂಡಿಗೆ ಬೇಡ. ಬುಡಸಮೇತ ಕಿತ್ತು ಅಲ್ಲೇ ಸುಡಿ. ಆರೋಗ್ಯವಾದ ಬಾಳೆಯದಾದರೆ ಕತ್ತರಿಸಿ ಹಾಕಬಹುದು. ಹೂ ಬಿಟ್ಟ ಪಾರ್ಥೇನಿಯಂ ಗಿಡವೂ ಬೇಡ. ಅದರ ಬೀಜ ಹಿತ್ತಲೆಲ್ಲಾ ಹರಡುತ್ತದೆ. ಪ್ಲಾಸ್ಟಿಕ್ ಅಂತೂ ಬೇಡವೇ ಬೇಡ.

ಇನ್ನೂ ಎರಡು ದಾರಿ

ಹಿಂಡಿ: 100 ಕಿಲೋ ಹೊಂಗೆ ಹಿಂಡಿಯಲ್ಲಿ ಸುಮಾರು 4 ಕಿಲೋ ಸಾರಜನಕ ಇದೆ. ಬೇವಿನ ಹಿಂಡಿಯಲ್ಲಿ ಸುಮಾರು 5 ಕಿಲೋ. ಅಷ್ಟೇ ಯೂರಿಯಾದಲ್ಲಿ 46 ಕಿಲೋ. ಹಾಗಾದರೆ ಹಿಂಡಿ ಏಕೆ? ಹಿಂಡಿ ನಿಧಾನವಾಗಿ ಸಾರ ಬಿಡುತ್ತದೆ. ಮಣ್ಣನ್ನೂ ಸಡಿಲ ಮಾಡುತ್ತದೆ. ಸಸಿ ನೆಡುವ 15 ದಿನ ಮೊದಲು ಗುಳಿಗೆ ಒಂದು ಹಿಡಿ ಬೆರೆಸಿ.

ಕಾಳಿನ ಗಿಡ: ಅವರೆ, ಅಲಸಂದೆ, ಹುರುಳಿ ಬೇರಿನಲ್ಲಿ ಸಣ್ಣ ಗಂಟುಗಳಿವೆ. ಆ ಗಂಟಿನ ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಕಾಯಿ ಕಿತ್ತ ಮೇಲೆ ಗಿಡವನ್ನು ಬುಡಕ್ಕೆ ಕೊಯ್ಯಿರಿ. ಬೇರು ಮಣ್ಣಲ್ಲೇ ಇರಲಿ.

ಒಂದು ಮಾತು. ಈ ಗುಂಡಿಯ ಗೊಬ್ಬರ ಎಕರೆಗಟ್ಟಲೆ ಭತ್ತದ ಗದ್ದೆಗೆ ಸಾಲದು. ಆದರೆ ಹಿತ್ತಲಿಗೆ ಸಾಕು.

ಮೂರು ತಿಂಗಳಾದ ಮೇಲೆ ಆ ಅವ್ವನ ಮನೆಯ ಗುಂಡಿ ತೆಗೆದೆವು. ಅವರು ಒಂದು ಹಿಡಿ ಮೂಸಿ ನೋಡಿದರು. “ಮೊದಲ ಮಳೆ ವಾಸ್ನೆ ಬತ್ತದೆ ಮೇಷ್ಟ್ರೇ” ಅಂದರು. ಹಸು ಇಲ್ಲದ ಮನೆಯಲ್ಲೂ ಗೊಬ್ಬರ ಆಗಿತ್ತು.

ಬರೆಯಿರಿ: ನಿಮ್ಮ ಮನೆಯ ಸುತ್ತ ಇರುವ 5 ಸೊಪ್ಪಿನ ಗಿಡಗಳ ಹೆಸರು ಬರೆಯಿರಿ.

ಮಾಡಿ: ಈ ವಾರ ತರಗಿಗೆ ಬೆಂಕಿ ಹಾಕಬೇಡಿ. ಒಂದು ಗುಂಡಿ ತೆಗೆಯಿರಿ.