ಗಂಗೋತ್ರಿಗೆ ಬರುವವರು ಕೇಳುವ ಪ್ರಶ್ನೆಗಳು

ಪದವಿ ಪರೀಕ್ಷೆಯ ಫಲಿತಾಂಶ ಹೊರಬಿದ್ದಿತೆಂದರೆ ಮೈಸೂರಿನ ಮಾನಸಗಂಗೋತ್ರಿಯ ಮರಗಳ ನೆರಳಿನಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳತೊಡಗುತ್ತವೆ. ಕಂಕುಳಲ್ಲಿ ಅಂಕಪಟ್ಟಿಗಳ ಕಡತ; ಜೊತೆಗೆ ತಂದೆಯೋ, ಅಣ್ಣನೋ, ಸೋದರಮಾವನೋ ಒಬ್ಬ ಹಿರಿಯ. ಕಚೇರಿಯ ಕಿಂಡಿಯ ಮುಂದೆ ಅವರು ಕೇಳುವ ಪ್ರಶ್ನೆಗಳು ಎಲ್ಲರೂ ಬಲ್ಲವು. ಶುಲ್ಕವೆಷ್ಟು, ಕಡೆಯ ದಿನಾಂಕ ಯಾವುದು, ಪ್ರಮಾಣಪತ್ರದ ಮೂಲಪ್ರತಿ ಬೇಕೆ, ನಕಲು ಸಾಕೆ? ಇವಕ್ಕೆಲ್ಲ ಅಚ್ಚಾದ ಉತ್ತರಗಳಿವೆ. ಆದರೆ ಕಿಂಡಿಯಿಂದ ನಾಲ್ಕು ಹೆಜ್ಜೆ ಈಚೆ ಬಂದು, ಹಳೆಯ ವಿದ್ಯಾರ್ಥಿಯೊಬ್ಬನು ಕಣ್ಣಿಗೆ ಬಿದ್ದನೆಂದರೆ, ಆ ಹಿರಿಯರು ದನಿ ತಗ್ಗಿಸಿ ಕೇಳುವ ಮಾತೇ ಬೇರೆ.

“ಹಾಸ್ಟೆಲ್ ಸಿಗುತ್ತೇನಪ್ಪಾ? ಊಟ-ಗೀಟ ಹೆಂಗೆ? ಪಾಠವೆಲ್ಲಾ ಇಂಗ್ಲಿಷಲ್ಲೇನಾ?”

ಮಗನು ಅಷ್ಟರಲ್ಲಿ ಮುಖ ಅತ್ತ ತಿರುಗಿಸಿರುತ್ತಾನೆ. ಇಂಥ ಪ್ರಶ್ನೆಗಳನ್ನು ಕೇಳುವುದು ಅವನಿಗೆ ನಾಚಿಕೆ. ಆದರೆ ಅವನು ಎರಡು ವರ್ಷ ಇಲ್ಲಿ ನಿಲ್ಲುವನೋ, ಎರಡನೆಯ ತಿಂಗಳಿಗೇ ಗಂಟುಮೂಟೆ ಕಟ್ಟುವನೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಈ ನಾಚಿಕೆಯ ಪ್ರಶ್ನೆಗಳಿಂದಲೇ. ಮನೆಯಲ್ಲಿ ಮೊದಲನೆಯವನಾಗಿ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವ ಹುಡುಗನಿಗಂತೂ ಇವಕ್ಕೆ ಉತ್ತರ ಹೇಳುವವರು ಊರಿನಲ್ಲಿ ಯಾರೂ ಇರುವುದಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ೧೯೧೬ನೆಯ ಇಸವಿ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ೧೯೫೬ರಿಂದ ೧೯೬೦ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಕುಕ್ಕರಹಳ್ಳಿ ಕೆರೆಯ ಬಳಿ ಸ್ನಾತಕೋತ್ತರ ವಿಭಾಗಗಳಿಗಾಗಿ ಈ ಆವರಣವನ್ನು ರೂಪಿಸಿ, ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಅವರೂ ಒಂದು ಕಾಲಕ್ಕೆ ಮಲೆನಾಡಿನ ಕುಪ್ಪಳಿಯಿಂದ ಬಂದ ಹೊಸ ವಿದ್ಯಾರ್ಥಿಯೇ. ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರು ಕಾಯಿಲೆ ಬಿದ್ದುದು, ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರ ನೆರವಿನಿಂದ ಶ್ರೀರಾಮಕೃಷ್ಣಾಶ್ರಮದಲ್ಲಿ ಆಶ್ರಯ ದೊರೆತುದು ಕನ್ನಡ ಓದುಗರಿಗೆ ತಿಳಿದ ಸಂಗತಿ. ಕನ್ನಡದ ಒಬ್ಬ ಮಹಾಕವಿಯ ವಿದ್ಯಾಭ್ಯಾಸದ ದಾರಿಯಲ್ಲಿಯೂ ವಸತಿ ಮತ್ತು ಆರೈಕೆಯ ಪ್ರಶ್ನೆ ಎದುರಾಗಿ ನಿಂತಿತ್ತು.

ವಸತಿಯ ವಿಷಯದಲ್ಲಿ ಹೊಸಬರು ಮಾಡಿಕೊಳ್ಳುವ ತಪ್ಪು ಕಲ್ಪನೆ ಒಂದುಂಟು. ಕೋರ್ಸಿಗೆ ಸೀಟು ಸಿಕ್ಕಿತೆಂದರೆ ಹಾಸ್ಟೆಲ್ಲೂ ಸಿಕ್ಕಿತೆಂದೇ ಅವರು ತಿಳಿಯುತ್ತಾರೆ. ಹಾಗಲ್ಲ. ಹಾಸ್ಟೆಲಿಗೆ ಅರ್ಜಿ ಬೇರೆ, ಪಟ್ಟಿ ಬೇರೆ, ಅದು ಪ್ರಕಟವಾಗುವ ದಿನವೂ ಬೇರೆ. ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯಗಳಲ್ಲದೆ ಸಮಾಜ ಕಲ್ಯಾಣ ಇಲಾಖೆಯವೂ ಹಿಂದುಳಿದ ವರ್ಗಗಳ ಇಲಾಖೆಯವೂ ನಗರದಲ್ಲಿವೆ. ಅವುಗಳ ಅರ್ಜಿ ಮತ್ತೂ ಬೇರೆ. ತರಗತಿಗಳೇನೋ ಗೊತ್ತಾದ ದಿನ ಆರಂಭವಾಗಿಬಿಡುತ್ತವೆ. ಕೊಠಡಿಯ ಪಟ್ಟಿ ಬರುವತನಕ ಹುಡುಗನು ಎಲ್ಲಿ ಮಲಗಬೇಕು? ಊರಿನ ಪರಿಚಯದವನೊಬ್ಬನ ಕೋಣೆಯಲ್ಲಿ, ಮಂಚಗಳ ನಡುವೆ ಚಾಪೆ ಹಾಸಿಕೊಂಡು. ವಾರ್ಡನ್ನರಿಗೆ ಗೊತ್ತಾಗಬಾರದೆಂದು ಬೆಳಗಾಗುವ ಮುನ್ನವೇ ಹಾಸಿಗೆ ಸುತ್ತಿಡುವವರುಂಟು; ಗೊತ್ತಿದ್ದೂ ಕಾಣದವರಂತೆ ಹೋಗುವ ವಾರ್ಡನ್ನರೂ ಉಂಟು. ಪರಿಚಯದವರಿಲ್ಲದವನು ಸರಸ್ವತಿಪುರದ ಕಡೆ ಪೇಯಿಂಗ್ ಗೆಸ್ಟ್ ಮನೆಗಳ ಫಲಕ ಓದುತ್ತ ಅಲೆಯುತ್ತಾನೆ. ಅಲ್ಲಿ ಕೇಳುವ ಮುಂಗಡ ಹಣವು ಅನೇಕ ವೇಳೆ ಕಾಲೇಜಿನ ಶುಲ್ಕಕ್ಕಿಂತಲೂ ಭಾರವಾಗಿ ಕಾಣುತ್ತದೆ. ಓದು ನಿಲ್ಲಿಸಿ ಊರಿಗೆ ಹಿಂತಿರುಗುವವರಲ್ಲಿ ಹಲವರು ಹಿಂತಿರುಗುವುದು ಈ ಮೊದಲ ತಿಂಗಳಿನಲ್ಲಿಯೇ.

ಹಿಂದಿನ ಕಾಲದ ಬಡ ವಿದ್ಯಾರ್ಥಿಗಳಿಗೆ ಮೈಸೂರಿನಲ್ಲಿ ವಾರಾನ್ನವೆಂಬ ಏರ್ಪಾಡಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ; ಹೀಗೆ ಏಳು ಮನೆಗಳಲ್ಲಿ ಉಂಡು ಓದಿ ದೊಡ್ಡವರಾದವರ ಕಥೆಗಳನ್ನು ಹೆಮ್ಮೆಯಿಂದ ಹೇಳುವುದುಂಟು. ಆದರೆ ಆ ಏಳು ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯಲಾಗದು. ಆ ಕೊರತೆಯನ್ನು ತುಂಬಿದುದು ಉಚಿತ ವಿದ್ಯಾರ್ಥಿನಿಲಯಗಳು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಹಳ್ಳಿಯ ಹುಡುಗರಿಗೆ ಅನ್ನವನ್ನೂ ವಸತಿಯನ್ನೂ ಕೊಟ್ಟರು. ಇತ್ತ ಬೆಂಗಳೂರಿನಲ್ಲಿ ಕವಿ ಸಿದ್ಧಲಿಂಗಯ್ಯನವರಿಗೆ ಗೋಪಾಲಸ್ವಾಮಿ ಅಯ್ಯರ್ ವಿದ್ಯಾರ್ಥಿನಿಲಯವು ಆಸರೆಯಾಯಿತು. ಅವರ ಆತ್ಮಕಥೆ ‘ಊರುಕೇರಿ’ಯನ್ನು ಓದಿದವರಿಗೆ ಹಾಸ್ಟೆಲೆಂಬುದು ಬರಿಯ ಮಲಗುವ ಜಾಗವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಊಟದ ಮಾತು. ಹಾಸ್ಟೆಲಿನ ಮೆಸ್ಸುಗಳಲ್ಲಿ ಬಳಕೆಯಲ್ಲಿರುವುದು ‘ಡಿವೈಡಿಂಗ್’ ಪದ್ಧತಿ. ತಿಂಗಳಿಡೀ ಅಕ್ಕಿ, ಬೇಳೆ, ತರಕಾರಿ, ಅನಿಲಗಳಿಗೆ ಆದ ಖರ್ಚನ್ನೆಲ್ಲ ಕೂಡಿಸಿ ಉಂಡವರ ಲೆಕ್ಕಕ್ಕೆ ಹಂಚುವುದು. ಆದುದರಿಂದ ಬರುವ ತಿಂಗಳಿನ ಬಿಲ್ಲು ಇಷ್ಟೇ ಎಂದು ಯಾರೂ ಮೊದಲೇ ಹೇಳಲಾರರು. ಟೊಮೇಟೊ ಬೆಲೆ ಏರಿದರೆ ಅದೂ ಏರುತ್ತದೆ. ಎಷ್ಟು ದಿನ ಊರಿಗೆ ಹೋದರೆ ಆ ದಿನಗಳ ಲೆಕ್ಕ ಬಿಡುತ್ತಾರೆ, ಮೊದಲೇ ಬರೆದುಕೊಡಬೇಕೆ ಎಂಬುದನ್ನು ಸೇರಿದ ದಿನವೇ ಕೇಳಿ ತಿಳಿದವನು ವರ್ಷದ ಕೊನೆಗೆ ಒಳ್ಳೆಯ ಮೊತ್ತವನ್ನು ಉಳಿಸುತ್ತಾನೆ.

ಇದಕ್ಕಿಂತ ಸೂಕ್ಷ್ಮವಾದುದು ನಾಲಗೆಯ ಸಮಸ್ಯೆ. ರಾಯಚೂರು, ಕಲಬುರಗಿಯ ಕಡೆಯಿಂದ ಬಂದ ಹುಡುಗನ ತಟ್ಟೆಗೆ ಮೊದಲ ದಿನ ರಾಗಿಮುದ್ದೆ ಬೀಳುತ್ತದೆ. ಅವನು ಅದನ್ನು ಅನ್ನದಂತೆ ಅಗಿಯಲು ತೊಡಗುತ್ತಾನೆ. ಮಂಡ್ಯದ ಹುಡುಗರು ನಗುತ್ತಾರೆ. ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುವುದೊಂದು ವಿದ್ಯೆ. ಯಾವ ಪಠ್ಯಕ್ರಮದಲ್ಲಿಯೂ ಇಲ್ಲದ ಈ ವಿದ್ಯೆಯನ್ನು ಕಲಿಸಿದವನೇ ಮುಂದೆ ಅವನ ಆಪ್ತಮಿತ್ರನಾಗುವುದೂ ಉಂಟು. ಆದರೂ ಜೋಳದ ರೊಟ್ಟಿಯ ಹಂಬಲ ಹೋಗುವುದಿಲ್ಲ. ಊರಿಗೆ ಹೋದವನು ಹಿಂತಿರುಗುವಾಗ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ತರುತ್ತಾನೆ. ಅದು ಎರಡು ದಿನದಲ್ಲಿ ಇಡೀ ಸಾಲಿನ ಕೊಠಡಿಗಳಿಗೆ ಹಂಚಿಹೋಗುತ್ತದೆ.

ಇಂಗ್ಲಿಷಿನ ಭಯ ಹಸಿವಿಗಿಂತ ಗುಟ್ಟಾದುದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು ಮೊದಲ ವಾರ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾನೆ. ಇತಿಹಾಸ, ರಾಜ್ಯಶಾಸ್ತ್ರದಂಥ ವಿಷಯಗಳಲ್ಲಿ ಕನ್ನಡದಲ್ಲಿಯೇ ಉತ್ತರ ಬರೆಯುವವರು ಅನೇಕರಿದ್ದಾರೆ. ಅಧ್ಯಾಪಕರ ಮಾತೂ ಸಾಮಾನ್ಯವಾಗಿ ಎರಡು ಭಾಷೆಗಳ ಮಿಶ್ರಣವೇ. ವಿಜ್ಞಾನಗಳಲ್ಲಿ ಮಾತ್ರ ಇಂಗ್ಲಿಷ್ ತಪ್ಪುವುದಿಲ್ಲ. ನಿಜವಾದ ತೊಡಕು ಬರೆಯುವುದರಲ್ಲಿಲ್ಲ, ಓದುವುದರಲ್ಲಿದೆ. ಅಧ್ಯಾಪಕರು ಸೂಚಿಸುವ ಗ್ರಂಥಗಳಲ್ಲಿ ಬಹುಪಾಲು ಇಂಗ್ಲಿಷಿನವು. ಕುವೆಂಪು ಅವರು ಜೀವನವಿಡೀ ಕನ್ನಡ ಮಾಧ್ಯಮಕ್ಕಾಗಿ ವಾದಿಸಿದರು. ೧೯೬೬ರಲ್ಲಿ ಆರಂಭವಾದ ಇಲ್ಲಿಯ ಕನ್ನಡ ಅಧ್ಯಯನ ಸಂಸ್ಥೆಯು ೧೪ ಸಂಪುಟಗಳ ಕನ್ನಡ ವಿಶ್ವಕೋಶವನ್ನು ಹೊರತಂದಿತು. ಹೊಸ ವಿದ್ಯಾರ್ಥಿಯು ವಿಷಯವನ್ನು ಮೊದಲು ಅಂಥ ಕನ್ನಡ ಪುಸ್ತಕದಲ್ಲಿ ಓದಿಕೊಂಡು ಬಳಿಕ ಇಂಗ್ಲಿಷ್ ಗ್ರಂಥಕ್ಕೆ ಕೈಹಾಕಿದರೆ ಅರ್ಧ ಭಯ ಅಲ್ಲಿಯೇ ಕರಗುತ್ತದೆ. ಈ ಉಪಾಯವನ್ನು ಅವನಿಗೆ ಮೊದಲ ದಿನವೇ ಹೇಳುವವರು ಬೇಕು.

ಹೆಣ್ಣುಮಕ್ಕಳ ತಾಯಂದಿರು ಕೇಳುವುದು ಒಂದೇ ಪ್ರಶ್ನೆ: “ಸಂಜೆ ಎಷ್ಟು ಹೊತ್ತಿಗೆ ಗೇಟು ಹಾಕ್ತಾರೆ?” ಮಗಳ ಪ್ರಶ್ನೆಯೂ ಅದೇ, ಆದರೆ ಇಬ್ಬರೂ ಬಯಸುವ ಉತ್ತರ ಬೇರೆ ಬೇರೆ. ೨೦೨೧ರ ಆಗಸ್ಟಿನಲ್ಲಿ ಮೈಸೂರಿನ ಹೊರವಲಯದಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ನಡೆದ ಘೋರ ಅತ್ಯಾಚಾರದ ಬಳಿಕ, ಸಂಜೆ ೬-೩೦ರ ಮೇಲೆ ಹೆಣ್ಣುಮಕ್ಕಳು ಆವರಣದಲ್ಲಿ ಒಂಟಿಯಾಗಿ ಓಡಾಡಬಾರದೆಂದು ವಿಶ್ವವಿದ್ಯಾನಿಲಯವು ಸುತ್ತೋಲೆ ಹೊರಡಿಸಿತು. ನಿರ್ಬಂಧ ಹುಡುಗಿಯರಿಗೇ ಏಕೆ ಎಂದು ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ಅದನ್ನು ಬದಲಿಸಬೇಕಾಯಿತು. ಟೀಕೆ ನ್ಯಾಯವಾಗಿಯೇ ಇತ್ತು. ದಾರಿದೀಪ, ಕಾವಲು, ಕತ್ತಲಾದ ಮೇಲೆ ಗ್ರಂಥಾಲಯದಿಂದ ಹಾಸ್ಟೆಲಿಗೆ ಹೋಗುವ ರಸ್ತೆಯ ಸ್ಥಿತಿ, ಇವನ್ನು ಸಂಜೆಯ ಹೊತ್ತು ಒಮ್ಮೆ ನಡೆದೇ ನೋಡಿ ತೀರ್ಮಾನಿಸುವುದು ತಾಯಿಮಗಳಿಬ್ಬರಿಗೂ ಮೇಲು. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆಯಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಅಂದಿನಿಂದ ನಂಜನಗೂಡು, ಮಂಡ್ಯದ ಹುಡುಗಿಯರಿಗೆ ಹಾಸ್ಟೆಲಿನ ಹಂಗಿಲ್ಲದೆ ಮನೆಯಿಂದಲೇ ಓಡಾಡುವ ದಾರಿಯೊಂದು ತೆರೆಯಿತು. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆದವಳಿಗೆ ಓದಲು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನೂ ಲೆಕ್ಕ ಹಾಕಬೇಕು, ಅಷ್ಟೆ.

ರ‍್ಯಾಗಿಂಗಿನ ಅಂಜಿಕೆ ಮೊದಲಿನಷ್ಟಿಲ್ಲ. ೨೦೦೯ರ ಯುಜಿಸಿ ನಿಯಮಗಳ ಪ್ರಕಾರ ಅದು ಶಿಕ್ಷಾರ್ಹ. ಸೇರುವಾಗ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು. ಹಾಜರಿಯ ಲೆಕ್ಕವನ್ನು ಕೆಲವರು ಹಗುರವಾಗಿ ಕಾಣುತ್ತಾರೆ. ನೂರಕ್ಕೆ ಎಪ್ಪತ್ತೈದು ತುಂಬದಿದ್ದರೆ ಪರೀಕ್ಷೆಯ ಹೊತ್ತಿಗೆ ಕಣ್ಣೀರು.

ಹಣದ ವಿಷಯಕ್ಕೆ ಬಂದರೆ, ವಿದ್ಯಾರ್ಥಿವೇತನವನ್ನೇ ನಂಬಿ ಬರುವವರು ಒಂದು ಮಾತು ತಿಳಿದಿರಬೇಕು: ಮಂಜೂರಾತಿಗೂ ಹಣ ಕೈಸೇರುವುದಕ್ಕೂ ನಡುವೆ ತಿಂಗಳುಗಳು ಕಳೆಯಬಹುದು. ಹಾಸ್ಟೆಲ್ ದೊರೆಯದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿ ೨೦೧೩-೧೪ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆಯು ಆಗ ತಿಂಗಳಿಗೆ ೧೫೦೦ ರೂಪಾಯಿಯಂತೆ ಹತ್ತು ತಿಂಗಳ ನೆರವು ನೀಡುತ್ತಿತ್ತು. ನೆರವು ದೊಡ್ಡದೇ, ಆದರೆ ಮೆಸ್ಸಿನ ಲೆಕ್ಕದವನು ಸರ್ಕಾರದ ಆದೇಶಕ್ಕಾಗಿ ಕಾಯುವುದಿಲ್ಲ. ಅರ್ಜಿಯಲ್ಲಿರುವ ಹೆಸರು, ಆಧಾರಿನಲ್ಲಿರುವ ಹೆಸರು, ಬ್ಯಾಂಕಿನ ಪುಸ್ತಕದಲ್ಲಿರುವ ಹೆಸರು ಮೂರೂ ಒಂದೇ ತೆರನಾಗಿವೆಯೇ ಎಂದು ಊರಿನಲ್ಲಿದ್ದಾಗಲೇ ನೋಡಿಕೊಳ್ಳುವುದು ಒಳಿತು. ತಂದೆಯ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದುದಕ್ಕೆ ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆಯುವ ಹುಡುಗರು ಪ್ರತಿ ವರ್ಷವೂ ಇರುತ್ತಾರೆ. ಊರಿನಿಂದ ಹೊರಡುವಾಗ ಕನಿಷ್ಠಪಕ್ಷ ಎರಡು ತಿಂಗಳ ಊಟದ ಹಣ, ಒಂದು ಕಂಬಳಿ, ಒಂದು ಬಕೆಟು, ಗಟ್ಟಿಯಾದ ಬೀಗ, ಎಲ್ಲ ಪ್ರಮಾಣಪತ್ರಗಳ ನಾಲ್ಕು ನಾಲ್ಕು ನಕಲು ಜೊತೆಯಲ್ಲಿರಲಿ. ಹಾಸ್ಟೆಲಿನ ಅರ್ಜಿಯನ್ನು ಶುಲ್ಕ ಕಟ್ಟಿದ ದಿನವೇ ಕೊಟ್ಟು, ಕೊಟ್ಟುದಕ್ಕೆ ರಸೀತಿ ಪಡೆದುಕೊಳ್ಳಬೇಕು.