ಜಾವಾ ಜಾತ್ರೆಗೆ ಜಾವಾ ಹತ್ತಿಯೇ ಹೋಗಬೇಕು

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ನಮ್ಮ ದೇಶದ ಹಲವು ಊರುಗಳಲ್ಲಿ ಒಂದು ವಿಚಿತ್ರ ಜಾತ್ರೆ ಸೇರುತ್ತದೆ. ಬೆಂಗಳೂರು, ಮೈಸೂರು ಬಿಡಿ, ಪುಣೆ, ಮುಂಬೈ, ಹೈದರಾಬಾದಿನಲ್ಲೂ ಸೇರುತ್ತದೆ. ದೇವರಿಲ್ಲ, ತೇರಿಲ್ಲ. ಹಳೆಯ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್ಲುಗಳು ಸಾಲಾಗಿ ಬಂದು ನಿಲ್ಲುತ್ತವೆ, ಅಷ್ಟೆ. ಇದಕ್ಕೆ ಅಂತಾರಾಷ್ಟ್ರೀಯ ಜಾವಾ ದಿನ ಎಂದು ಹೆಸರು. ನಮ್ಮ ಅನೇಕ ಮಿತ್ರರು ಇದನ್ನು ಹಳೇ ಗಾಡಿಗಳ ಪ್ರದರ್ಶನ ಅಂದುಕೊಂಡಿದ್ದಾರೆ. ಅದು ಅರ್ಧ ಸತ್ಯ. ಮೈದಾನದಲ್ಲಿ ಗಾಡಿ ನಿಲ್ಲಿಸುವುದು ಜಾತ್ರೆಯ ಕೊನೆಯ ಭಾಗ. ಅಲ್ಲಿಯವರೆಗೆ ಅದನ್ನು ಓಡಿಸಿಕೊಂಡು ಹೋಗುವುದೇ ಮುಖ್ಯ ಭಾಗ. ಹಾಗೇಕೆ ಎಂಬುದನ್ನು ವಿವರಿಸಲು ಈ ಲೇಖನ.

ಮೊದಲು ಸ್ವಲ್ಪ ಚರಿತ್ರೆ. ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಆಯುಧ ತಯಾರಕನಿದ್ದ. ಮೊದಲ ಮಹಾಯುದ್ಧ ಮುಗಿದ ಮೇಲೆ ಆಯುಧಗಳಿಗೆ ಗಿರಾಕಿ ಕಡಿಮೆಯಾಯಿತು. ಆತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಸುವ ಹಕ್ಕು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಕೂಡಿಸಿದ. ಜಾವಾ ಆಯಿತು. ಇಂಡೋನೇಷಿಯಾದ ಜಾವಾ ದ್ವೀಪಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ!

ನಮ್ಮ ದೇಶಕ್ಕೆ ಈ ಗಾಡಿಯನ್ನು ಮೊದಲು ತರಿಸಿ ಮಾರಿದವರು ಮುಂಬೈಯ ಇರಾನಿ ಮನೆತನದವರು. ಆಮೇಲೆ ತರಿಸುವ ಬದಲು ಇಲ್ಲೇ ತಯಾರಿಸೋಣ ಎಂದು ಹೊರಟು, ಜಾಗ ಆರಿಸಿಕೊಂಡದ್ದು ಮೈಸೂರಿನ ಯಾದವಗಿರಿಯನ್ನು. ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ತಯಾರಿಕೆ ಆರಂಭವಾಯಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಊರಿನ ನೆನಪಿಗೆ ಇಟ್ಟ ಹೆಸರು ಅನ್ನುವವರುಂಟು. ತಮಾಷೆ ಎಂದರೆ ಚೆಕ್ ಭಾಷೆಯಲ್ಲಿ ಹೆಚ್ಚುಕಡಿಮೆ ಅದೇ ಉಚ್ಚಾರದ ಮಾತಿಗೆ ‘ಓಡುತ್ತದೆ’ ಎಂಬ ಅರ್ಥವಿದೆ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರಿನಲ್ಲೂ 2022ರಲ್ಲಿ ಯೆಜ್ಡಿ ಹೆಸರಿನಲ್ಲೂ ಹೊಸ ಗಾಡಿಗಳು ಬಂದವು ನಿಜ. ಆದರೆ ಅವು ಫೋರ್-ಸ್ಟ್ರೋಕ್ ಎಂಜಿನ್ನಿನವು, ಮಧ್ಯಪ್ರದೇಶದಲ್ಲಿ ತಯಾರಾಗುವಂಥವು. ಮೈಸೂರಿನ ಗಾಡಿಗಳು ಎಷ್ಟು ಉಳಿದಿವೆಯೋ ಅಷ್ಟೇ. ಇನ್ನೊಂದು ಹುಟ್ಟುವುದಿಲ್ಲ.

ಈಗ ಗಾಡಿಯ ಹೊಟ್ಟೆಯೊಳಕ್ಕೆ ಇಣುಕೋಣ. ಒಂದೇ ಸಿಲಿಂಡರು, 65 ಮಿಲಿಮೀಟರ್ ಅಗಲ, ಪಿಸ್ಟನ್ ಓಡಾಡುವ ದೂರ 75 ಮಿಲಿಮೀಟರ್. ಲೆಕ್ಕ ಹಾಕಿದರೆ ಸುಮಾರು 249 ಸಿ.ಸಿ. ಸಿಲಿಂಡರ್ ಒಂದಾದರೂ ಸೈಲೆನ್ಸರ್ ಎರಡು, ಎಡಕ್ಕೊಂದು ಬಲಕ್ಕೊಂದು. ಹೊಸಬರನ್ನು ತಬ್ಬಿಬ್ಬು ಮಾಡುವುದು ಎಡಗಡೆಯ ಒಂದು ಲಿವರು. ಕಿಕ್ಕರ್ ಎಲ್ಲಿ, ಗೇರ್ ಎಲ್ಲಿ ಅಂತ ಹುಡುಕಿದರೆ ಎರಡೂ ಅದೇ! ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಕಿಕ್ಕರ್. ಗಾಡಿ ಶುರುವಾದ ಮೇಲೆ ಮುಂದಕ್ಕೆ ಮಲಗಿಸಿದರೆ ಅದೇ ಗೇರು.

ಇದು ಟೂ-ಸ್ಟ್ರೋಕ್ ಎಂಜಿನ್. ಆಯಿಲ್ಲಿಗೆ ಬೇರೆ ಪಂಪಿಲ್ಲ. ಪೆಟ್ರೋಲಿನ ಜೊತೆ ಆಯಿಲನ್ನು ನಾವೇ ಕಲಸಬೇಕು. ಒಂದು ಲೀಟರ್ ಪೆಟ್ರೋಲಿಗೆ ಸುಮಾರು 40 ಮಿಲಿ, ಅಂದರೆ ಇಪ್ಪತ್ತೈದಕ್ಕೆ ಒಂದು ಪಾಲು. ಐದು ಲೀಟರ್ ಹಾಕಿಸಿದರೆ 200 ಮಿಲಿ. ಕಡಿಮೆಯಾದರೆ ಪಿಸ್ಟನ್ ಒಣಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ, ಹಿಂದೆ ಬರುವವರಿಗೆ ಹೊಗೆ ಕುಡಿಸಿದ ಪಾಪವೂ ಬರುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಅಳೆಯುವ ಕೈಗೆ ಇದು ಸುಲಭವಾಗಿ ಹತ್ತುತ್ತದೆ ಅಂತ ಕಾಣುತ್ತದೆ.

ಈ ಒಂದು ವಿಷಯ ತಿಳಿದರೆ ಘಾಟಿ ಇಳಿಯುವ ವಿದ್ಯೆಯೂ ತಿಳಿದ ಹಾಗೆ. ಪುಣೆಯಿಂದ ಮುಂಬೈ ಕಡೆಗೆ ಹೊರಟಿದ್ದೀರಿ ಎನ್ನಿ. ಎಕ್ಸ್‌ಪ್ರೆಸ್ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಹಳೇ ಗಾಡಿಗೆ ಹಳೇ ರಸ್ತೆಯೇ ಗತಿ, ಖಂಡಾಲ ಘಾಟಿಯನ್ನು ಇಳಿಯಲೇಬೇಕು. ಇಳಿಜಾರಿನಲ್ಲಿ ನಾವು ಸಹಜವಾಗಿ ಆಕ್ಸಿಲರೇಟರ್ ಪೂರ್ತಿ ಬಿಟ್ಟುಬಿಡ್ತೇವೆ. ಆಗ ಏನಾಗುತ್ತದೆ? ಎಂಜಿನ್ನಿಗೆ ಪೆಟ್ರೋಲ್ ಹೋಗುವುದು ನಿಂತ ಹಾಗೆಯೇ. ಪೆಟ್ರೋಲಿನ ಜೊತೆಗೇ ಹೋಗಬೇಕಾದ ಆಯಿಲೂ ನಿಂತಿತು. ಆದರೆ ಗೇರಿನಲ್ಲಿದ್ದ ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇದೆ! ಪಿಸ್ಟನ್ ಒಣಗಿದ ಗೋಡೆಗೆ ಉಜ್ಜುತ್ತದೆ. ಅದಕ್ಕೇ ಅನುಭವಸ್ಥರು ಇಳಿಯುವಾಗ ಆಗಾಗ ಆಕ್ಸಿಲರೇಟರನ್ನು ಒಂದಿಷ್ಟು ತಿರುಗಿಸಿ ಎಂಜಿನ್ನಿಗೆ ಗುಟುಕು ಕುಡಿಸುತ್ತಾರೆ. ಘಾಟಿ ಇಳಿಯುವ ಜಾವಾ ನಡುನಡುವೆ ಸುಮ್ಮನೆ ಗುರುಗುಟ್ಟಿದರೆ ಅದು ಸವಾರನ ಜಂಬ ಅಲ್ಲ, ಅಗತ್ಯ.

ಏರುವಾಗ ಇನ್ನೊಂದು ಎಚ್ಚರ. ಎಂಜಿನ್ ಅತಿಯಾಗಿ ಕಾದರೆ ಶಬ್ದ ಬದಲಾಗುತ್ತದೆ, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಗಾಡಿ ತಡವರಿಸುತ್ತದೆ. ಆ ಕ್ಷಣವೇ ಕ್ಲಚ್ ಹಿಡಿದು, ಪಕ್ಕಕ್ಕೆ ಸರಿಸಿ ನಿಲ್ಲಿಸಬೇಕು. ಇನ್ನೊಂದು ಫರ್ಲಾಂಗು ಹೋಗಿಬಿಡೋಣ ಅಂದವನ ಹಿಂದಿನ ಚಕ್ರ ನಡುರಸ್ತೆಯಲ್ಲಿ ಬಿಗಿದುಕೊಳ್ಳುತ್ತದೆ. ನಿಂತು ಒಂದು ಚಹಾ ಕುಡಿಯಿರಿ. ನೀವು ಬಿಸಿಯಾಗುವಷ್ಟರಲ್ಲಿ ಅದು ತಣ್ಣಗಾಗುತ್ತದೆ.

ಜುಲೈ ಎಂದರೆ ಮಳೆ. ಈ ಗಾಡಿಗಳಿಗೆ ಮುಂದೆ ಹಿಂದೆ ಎರಡೂ ಡ್ರಮ್ ಬ್ರೇಕು. ನೀರು ಒಳಗೆ ಹೋದರೆ ಒತ್ತಿದ ತಕ್ಷಣ ಹಿಡಿಯುವುದಿಲ್ಲ. ನೀರು ದಾಟಿದ ಮೇಲೆ ಬ್ರೇಕನ್ನು ಹಗುರಾಗಿ ಒತ್ತುತ್ತಾ ಸ್ವಲ್ಪ ದೂರ ಓಡಿಸಿ ಒಣಗಿಸಬೇಕು. ದೀಪವೋ, ಹಳೆಯ ಗಾಡಿಗಳಲ್ಲಿ 6 ವೋಲ್ಟಿನದು. ಅದರ ಬೆಳಕಿನಲ್ಲಿ ಗುಂಡಿ ಕಾಣುವುದಕ್ಕಿಂತ ಮುಂಚೆ ಗುಂಡಿಯೊಳಗೆ ಇರ್ತೀರಿ. ಆದ್ದರಿಂದ ಬೆಳಕು ಹರಿದ ಮೇಲೆ ಹೊರಟು, ಕತ್ತಲಾಗುವ ಮುಂಚೆ ತಲುಪುವ ಹಾಗೆ ಲೆಕ್ಕ ಹಾಕಬೇಕು.

ಹೊರಡುವ ಮುಂಚಿನ ವಾರ ಮಾಡುವ ಕೆಲಸ ಇಷ್ಟು: ಸೈಲೆನ್ಸರ್ ಒಳಗಿನ ಕೊಳವೆ ತೆಗೆದು ಕಟ್ಟಿದ ಮಸಿ ಕೆರೆಯುವುದು, ಕಾರ್ಬೊರೇಟರ್ ಬಿಚ್ಚಿ ತೊಳೆಯುವುದು, ಪಾಯಿಂಟು ಉಜ್ಜಿ ಅಂತರ ಸರಿಮಾಡುವುದು, ಪೆಟ್ರೋಲ್ ಪೈಪು ನೋಡುವುದು. ಪೈಪಿನ ಮಾತು ಈಚೆಗೆ ಮುಖ್ಯವಾಗಿದೆ. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ 20ಕ್ಕೆ ಏರಿತು. ಎಥನಾಲ್ ನೀರನ್ನು ಹೀರುತ್ತದೆ, ಹಳೇ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ. ತಿಂಗಳುಗಟ್ಟಲೆ ಟ್ಯಾಂಕು ತುಂಬಿಸಿಟ್ಟರೆ ಒಳಗೆ ತುಕ್ಕು. ಜೊತೆಗೆ ಒಯ್ಯಬೇಕಾದ್ದು ಎರಡು ಪ್ಲಗ್ಗು, ಪ್ಲಗ್ ಸ್ಪ್ಯಾನರು, ಕ್ಲಚ್ ವೈರು, ಆಕ್ಸಿಲರೇಟರ್ ವೈರು, ಫ್ಯೂಸು, ಪಂಕ್ಚರ್ ಸಾಮಾನು, ಆಯಿಲ್ ಬಾಟಲಿ, ಅಳತೆಯ ಲೋಟ. ಗುಂಪಾಗಿ ಹೋಗುವುದಾದರೆ ಎಲ್ಲರಿಗಿಂತ ನಿಧಾನದ ಗಾಡಿ ಮುಂದೆ, ರಿಪೇರಿ ಬಲ್ಲವನು ಎಲ್ಲರಿಗಿಂತ ಹಿಂದೆ. ಹೀಗೆ ಮಾಡಿದರೆ ಯಾರೂ ಹಿಂದೆ ಉಳಿಯುವುದಿಲ್ಲ.

ಇಷ್ಟೆಲ್ಲ ರಗಳೆ ಯಾಕೆ, ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಇಳಿಸಬಾರದೇ? ಕೆಲವರು ಹಾಗೂ ಮಾಡ್ತಾರೆ. ಆದರೆ ನಿಂತ ಗಾಡಿ ನಿಂತಲ್ಲೇ ಸಾಯುತ್ತದೆ. ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ, ಟೈರು ಚಪ್ಪಟೆಯಾಗುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಹೊರಗೆ ಕ್ರೋಮ್ ಥಳಥಳ, ಒಳಗೆ ಜೀವವಿಲ್ಲ. ಇಂಗ್ಲೆಂಡಿನವರಿಗೂ ಇದು ಗೊತ್ತಿತ್ತು. 1914ರ ಒಳಗೆ ತಯಾರಾದ ಮೋಟಾರ್‌ಸೈಕಲ್ಲುಗಳಿಗಾಗಿ ಅಲ್ಲಿ 1930ರಲ್ಲಿ ‘ಪಯೋನಿಯರ್ ರನ್’ ಆರಂಭಿಸಿದರು. ನೂರು ದಾಟಿದ ಗಾಡಿಗಳನ್ನೂ ಅದರಲ್ಲಿ ರಸ್ತೆಯ ಮೇಲೆ ಓಡಿಸಿಕೊಂಡೇ ಹೋಗುತ್ತಾರೆ.

ಇನ್ನು ಮೈದಾನದ ಮಾತು. ಅಲ್ಲಿ ಬಹುಮಾನ, ಭಾಷಣಕ್ಕಿಂತ ಬೆಲೆಯುಳ್ಳದ್ದು ನೆಲದ ಮೇಲೆ ಹಾಸಿದ ಗೋಣಿತಾಟು. ಅದರ ಮೇಲೆ ಹಳೇ ಮೀಟರು, ದೀಪದ ಗಾಜು, ಗೇರಿನ ಹಲ್ಲುಚಕ್ರ. ಸಾಮಾನು ಕೊಳ್ಳಲು ಬಂದವರು ವಿದ್ಯೆಯನ್ನೂ ಕೊಳ್ಳುತ್ತಾರೆ, ಅದಕ್ಕೆ ಕಾಸಿಲ್ಲ. ಒಬ್ಬ ಮುದುಕ ಮೆಕ್ಯಾನಿಕ್ಕು ಗಾಡಿಯ ಶಬ್ದ ಕೇಳಿ, ಮುಟ್ಟದೆಯೇ, “ಪಾಯಿಂಟು ನೋಡಪ್ಪಾ” ಅಂದುಬಿಡ್ತಾನೆ. ಈ ಜ್ಞಾನ ಯಾವ ಪುಸ್ತಕದಲ್ಲೂ ಇಲ್ಲ, ಅವನ ಕಿವಿಯಲ್ಲಿದೆ. ಓಡದ ಗಾಡಿಯ ಮುಂದೆ ಆ ಕಿವಿಗೆ ಕೆಲಸವೇ ಇಲ್ಲ.

ಕಾನೂನನ್ನೂ ತಿಳಿದಿರಬೇಕು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರಕಾರ ಬೇರೆ ನಿಯಮ ತಂದಿತು. ನಂಬರಿನಲ್ಲಿ ‘ವಿ.ಎ.’ ಅಕ್ಷರಗಳು, ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ಸಂಶೋಧನೆ, ರ‍್ಯಾಲಿ, ಪೆಟ್ರೋಲು, ರಿಪೇರಿ ಇವಕ್ಕೆ ಮಾತ್ರ ರಸ್ತೆಗಿಳಿಸಬಹುದು, ದಿನಾ ಕಾಲೇಜಿಗೆ ಒಯ್ಯುವ ಹಾಗಿಲ್ಲ. ಮೈಸೂರಿನ ಮೊದಲ ಜಾವಾಗಳು 2011ರಲ್ಲೇ ಐವತ್ತು ಮುಟ್ಟಿದವು. ಕೊನೆಯ ಯೆಜ್ಡಿ ಮುಟ್ಟುವುದು 2046ಕ್ಕೆ.

ಹೊಗೆಯ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಪೆಟ್ರೋಲ್ ಒಳಬರುವ ದಾರಿ, ಸುಟ್ಟ ಹೊಗೆ ಹೊರಹೋಗುವ ದಾರಿ ಎರಡೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಒಂದಿಷ್ಟು ಪೆಟ್ರೋಲು ಉರಿಯದೆಯೇ ಹೊರಟುಹೋಗುತ್ತದೆ. 1991ರಲ್ಲಿ ಬಂದ ಹೊಗೆಯ ನಿಯಮ 1996ರಲ್ಲಿ ಬಿಗಿಯಾಯಿತು. ಅತ್ತ 1985ರಿಂದಲೇ ಕಡಿಮೆ ಪೆಟ್ರೋಲ್ ಕುಡಿಯುವ ಫೋರ್-ಸ್ಟ್ರೋಕ್ ಗಾಡಿ ಪೇಟೆಗೆ ಬಂದಿತ್ತು. ನಿಯಮ ಬಂದದ್ದು ತಪ್ಪಲ್ಲ, ಊರಿನ ಗಾಳಿ ನಮ್ಮ ಮೋಜಿಗಿಂತ ದೊಡ್ಡದು. ಹಳೇ ಗಾಡಿಯನ್ನು ದಿನಾ ಓಡಿಸಿ ಎಂದು ಯಾರೂ ಹೇಳಬೇಕಾಗಿಲ್ಲ. ವರ್ಷದಲ್ಲಿ ಕೆಲವು ದಿನ, ಅಳತೆಯ ಆಯಿಲ್ ಹಾಕಿ, ಸರಿಯಾಗಿ ಇಟ್ಟುಕೊಂಡು ಓಡಿಸಿದರೆ ಸಾಕು. ಗಾಡಿಯೂ ಉಳಿಯುತ್ತದೆ, ಅದನ್ನು ಬಲ್ಲ ಕೈಯೂ ಉಳಿಯುತ್ತದೆ.

ಕಾರ್ಖಾನೆ ಮುಚ್ಚಿ ಮೂರು ದಶಕ ಆಗುತ್ತಾ ಬಂತು. ಅಲ್ಲಿ ಎಂಜಿನ್ ಜೋಡಿಸಿದ ಕೈಗಳಿಗೆ ವಯಸ್ಸಾಗಿದೆ. ಅವರ ಮಾತು ಬಹುಪಾಲು ಕನ್ನಡ. ಯಂತ್ರದ ಒಂದೊಂದು ಭಾಗಕ್ಕೂ, ಒಂದೊಂದು ಶಬ್ದಕ್ಕೂ ಅವರು ಇಟ್ಟ ಹೆಸರು ಯಾವ ನಿಘಂಟಿನಲ್ಲಿ ಸಿಕ್ಕೀತು? ನಮ್ಮಂಥ ಕನ್ನಡ ಸಂಘದವರು ಮಾಡಬಹುದಾದ ಕೆಲಸ ಇಲ್ಲಿದೆ. ಗಾಡಿ ಇಲ್ಲದಿದ್ದರೆ ಬೇಡ, ಜುಲೈ ಎರಡನೇ ಭಾನುವಾರ ಯಾರದಾದರೂ ಹಿಂದಿನ ಸೀಟಿನಲ್ಲಿ ಕೂತು ಹೋಗಿ. ಜೇಬಿನಲ್ಲಿ ಪ್ಲಗ್ಗಿನ ಜೊತೆ ಒಂದು ಪೆನ್ನೂ ನೋಟ್‌ಬುಕ್ಕೂ ಇರಲಿ. ರಜೆಯಲ್ಲಿ ಮೈಸೂರಿಗೆ ಹೋಗುವ ಮಿತ್ರರು ಯಾದವಗಿರಿಯ ಕಡೆ ಹೋಗಿ, ಅಲ್ಲಿ ದುಡಿದ ಹಿರಿಯರನ್ನು ವಿಚಾರಿಸಿ, ಅವರು ಹೇಳಿದ್ದನ್ನು ಬರೆದುಕೊಂಡು ಬನ್ನಿ. ನಮ್ಮ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇದ್ದೇ ಇರುತ್ತದೆ.